ಟೀವಿಯಲ್ಲಿ ಓಬಳಯ್ಯ ಹತ್ತಿದ ಬೆಟ್ಟ

ಒಂದು ಚಮಚ ಪುಡಿ ನುಂಗಿದ್ದೇ ತಡ, ಬರಗೂರಿನ ಓಬಳಯ್ಯ ಮಧುಗಿರಿ ಬೆಟ್ಟವನ್ನು ಹನ್ನೊಂದು ಸಲ ಹತ್ತಿ ಇಳಿದ. ಹನ್ನೆರಡನೆಯ ಸಲ ಹೆಗಲ ಮೇಲೆ ಜೋಡಿ ಹೋರಿ ಹೊತ್ತು ಹತ್ತಿದ. ಹೋರಿಗಳು ಬೆವೆತವು, ಓಬಳಯ್ಯ ಬೆವರಲಿಲ್ಲ!

ಇದನ್ನು ಟೀ ಅಂಗಡಿಯಲ್ಲಿ ಹೇಳಿದಾಗ ಜನ ನಕ್ಕು ಇನ್ನೊಂದು ಟೀ ಕುಡಿಸಿದರು. ಅವನ ಬುರುಡೆ ಶಿರಾ ತಾಲ್ಲೂಕಿಗೆಲ್ಲ ಗೊತ್ತು. ಆದರೆ ಹೋರಿಗಳನ್ನು ಕೆಳಗಿಳಿಸಿ, ಉಳಿದದ್ದನ್ನು ಅವನು ಟೀವಿಯಲ್ಲೂ ಹೇಳಿಬಿಟ್ಟಿದ್ದ. ಬಿಳಿ ಅಂಗಿ ತೊಟ್ಟು, ಪುಡಿಯ ಡಬ್ಬಿ ಹಿಡಿದು, "ಹತ್ತು ವರ್ಷದ ಸಕ್ಕರೆ ಕಾಯಿಲೆ ಹತ್ತೇ ದಿನಕ್ಕೆ ಹೋಯಿತು" ಎನ್ನುವ ಜಾಹೀರಾತು. ಅದು ದಿನಕ್ಕೆ ಆರು ಸಲ ಬರುತ್ತಿತ್ತು, ಓಬಳಯ್ಯ ಏಳು ಸಲ ನೋಡುತ್ತಿದ್ದ.

ಒಂದು ಮಧ್ಯಾಹ್ನ ಮೀಸೆ ತೀಡುತ್ತ ತಂಗಿ ಮುನಿಯಮ್ಮನ ಮನೆಗೆ ಹೋದ. ಅವಳು ಚಾಪೆಯ ಮೇಲೆ ಒರಗಿದ್ದಳು. ಬಾಯಿ ಒಣಗಿತ್ತು, ಕಣ್ಣು ಮಂಜಾಗಿತ್ತು. ಊರಿನ ಆರೋಗ್ಯ ಕಾರ್ಯಕರ್ತೆ ತೇಜಸ್ವಿನಿ ಅವಳ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುತ್ತಿದ್ದಳು.

"ನಾನೂರ ಹತ್ತು! ಸಕ್ಕರೆ ಮಾತ್ರೆ ತಗೋತಿಲ್ವಾ ಅತ್ತೆ?"

"ಬುಟ್ಟು ಹದಿನೈದು ದಿನ ಆಯ್ತು ಕಣಮ್ಮ. ನಮ್ಮಣ್ಣ ತಿಂದ ಪುಡೀನೇ ತಿಂತಾ ಇದೀನಿ."

ಓಬಳಯ್ಯ ಚಾಪೆಯ ಪಕ್ಕ ಕುಕ್ಕರಿಸಿದ. "ಲೇ ಮುನಿ, ನನ್ ಮಾತು ನೀನು ಯಾವತ್ತಾದ್ರೂ ನಂಬಿದ್ದೀಯೇನೇ?"

"ನಿನ್ ಮಾತು ಯಾರು ನಂಬ್ತಾರೆ ಬುಡಣ್ಣ! ಟೀವಿ ಹೇಳ್ತಲ್ಲ. ಟೀವಿನಾಗೆ ಸುಳ್ಳು ಹೇಳಾಕೆ ಸರ್ಕಾರ ಬುಡ್ತದಾ?"

"ಬುಡಬಾರ್ದು ಅಂತ ಕಾನೂನೈತೆ," ಎಂದಳು ತೇಜಸ್ವಿನಿ. "ಸಕ್ಕರೆ ಕಾಯಿಲೆ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡಂಗೇ ಇಲ್ಲ. ಆದ್ರೆ ನೋಡಿದೋರು ಸುಮ್ನಿದ್ರೆ ತೋರಿಸ್ತಾನೇ ಇರ್ತಾರೆ."

"ನಮ್ಮಣ್ಣಂಗೆ ವಾಸಿ ಆಗೈತಲ್ಲ! ಅವನ ಬೆರಳೂ ಚುಚ್ಚಿ ನೋಡು."

ಓಬಳಯ್ಯ ಕೈಯನ್ನು ಬೆನ್ನ ಹಿಂದೆ ಸರಿಸಿದ. ತಂಗಿ ಬಿಡಲಿಲ್ಲ. ತೊಂಬತ್ತೈದು ಬಂತು.

"ನೋಡು! ಪುಡೀನೇ ಸರಿ. ನಂಗೆ ಮಾತ್ರೆ ಬ್ಯಾಡ."

ತೇಜಸ್ವಿನಿ ತನ್ನ ಪುಸ್ತಕ ತಿರುವಿದಳು. "ಮಾವ, ನಮ್ಮೂರ ಸಕ್ಕರೆ ಕಾಯಿಲೆಯೋರ ಪಟ್ಟಿನಾಗೆ ನಿಮ್ಮ ಹೆಸರೇ ಇಲ್ವಲ್ಲ?"

ಓಬಳಯ್ಯ ತಲೆ ತಗ್ಗಿಸಿದ. ಈಗ ಬಾಯಿ ಬಿಡದಿದ್ದರೆ ತಂಗಿ ಉಳಿಯುವುದಿಲ್ಲ.

"ನಂಗೆ ಆ ಕಾಯಿಲೆ ಯಾವತ್ತೂ ಇರ್ಲಿಲ್ಲ ಕಣಮ್ಮ. ಪುಡಿ ನಾಲಿಗೆಗೂ ಇಟ್ಟಿಲ್ಲ. ಬೆಟ್ಟದ ಬುಡದಾಗೆ ನಿಲ್ಲಿಸಿ ಚಿತ್ರ ತೆಗೆದ್ರು, ಒಂದು ಮೆಟ್ಲೂ ಹತ್ತಿಲ್ಲ. ಟೀವಿನಾಗೆ ಮುಖ ಬತ್ತದೆ ಅಂದ್ರು, ಒಪ್ಕಂಡ್ಬುಟ್ಟೆ. ತಪ್ಪಾಯ್ತು ಮುನಿ."

ಮುನಿಯಮ್ಮ ಡಬ್ಬಿಯನ್ನು ತಿಪ್ಪೆಗೆ ಎಸೆದಳು. ಅಣ್ಣನೇ ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಮತ್ತೆ ಮಾತ್ರೆ ಶುರುಮಾಡಿದರು. ವಾರದಲ್ಲಿ ಅವಳು ಎದ್ದು ಓಡಾಡಿದಳು, ಅಣ್ಣನನ್ನು ಬೈಯುವಷ್ಟು ಶಕ್ತಿಯೂ ಬಂತು. ಊರಿನವರು ಆ ಜಾಹೀರಾತಿನ ಬಗ್ಗೆ ಚಾನೆಲ್‌ಗೆ ಕಳಿಸಿದ ದೂರಿನಲ್ಲಿ ಮೊದಲ ಸಹಿ ಓಬಳಯ್ಯನದೇ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಟೀವಿಯಲ್ಲಿ ಬಂತೆಂದು ಮಾತ್ರೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಸುಳ್ಳು ಜಾಹೀರಾತು ಕಂಡರೆ ಚಾನೆಲ್ಲಿನ ಹೆಸರು, ದಿನ, ಹೊತ್ತು ಬರೆದಿಟ್ಟು ಆ ಚಾನೆಲ್‌ಗೇ ದೂರು ಕಳಿಸಿ. ದೂರು ತಲುಪಿದ್ದನ್ನು ಅವರು ಒಂದು ದಿನದೊಳಗೆ ತಿಳಿಸಬೇಕು, ಹದಿನೈದು ದಿನದೊಳಗೆ ತೀರ್ಮಾನ ಹೇಳಬೇಕು. ಇದು ನಿಯಮ. ಕೇಳುವುದು ನಿಮ್ಮ ಹಕ್ಕು.