ತನ್ನದೆಂದು ಹೇಳಿಕೊಂಡದ್ದು

ಮೆಟ್ಟಿಲಲ್ಲಿ ಕೇಳಿದ ದನಿ ನಾದಿನಿಯದು ಎಂದು ಹೊಳೆಯುವಷ್ಟರಲ್ಲಿ ನಾದಿನಿ ಬಾಗಿಲಿಗೇ ಬಂದು ನಿಂತಿದ್ದಳು. ಔಷಧಿ ಅಂಗಡಿಯ ಮೇಲಿನ ಆ ಉದ್ದನೆಯ ಕೋಣೆಯಲ್ಲಿ ಚಾಪೆ ಬಿಡಿಸುತ್ತಿದ್ದವಳ ಕೈ ಅಲ್ಲೇ ನಿಂತಿತು. ಅರ್ಧ ಬಿಡಿಸಿದ ಚಾಪೆ ತಾನಾಗಿ ಮತ್ತೆ ಸುರುಳಿ ಸುತ್ತಿಕೊಂಡಿತು.

“ನಾನೇ ಕರ್ಕೊಂಡು ಬಂದೆ,” ಎಂದಳು ಹಿಂದೆಯೇ ಬಂದ ಫಿಸಿಯೋ. ಭಾನುವಾರ ಬೆಳಿಗ್ಗೆ ಸೇರುವ ಈ ಹೆಂಗಸರ ಬಳಗವನ್ನು ಕಟ್ಟಿದವಳು ಅವಳೇ. “ಬೆನ್ನುನೋವು ಅಂತ ನನ್ನ ಹತ್ರ ಬರ್ತಿದ್ರು. ಮಾತಾಡ್ತಾ ಆಡ್ತಾ ನೋಡಿದ್ರೆ ನಿನ್ನ ನಾದಿನಿ! ಒಂದೇ ಊರಲ್ಲಿದ್ದುಕೊಂಡು ಒಂದು ಸಲನೂ ಕರ್ಕೊಂಡು ಬರಬಾರ್ದಾ, ಕನ್ನಡಕ?”

ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಚಾಪೆ ಬಿಡಿಸುತ್ತಿದ್ದವಳ ಕೆಲಸ. ಅದಕ್ಕೇ ಬಳಗದಲ್ಲಿ ಆ ಹೆಸರು. ಬಸ್ಸು ಓಡಿಸುವವಳು ಡ್ರೈವರಮ್ಮ, ನಿವೃತ್ತಿಯಾದ ಮೇಲೂ ಎಲ್ಲರ ಉಚ್ಚಾರ ತಿದ್ದುವ ಹಿರಿಯಳು ಟೀಚರಮ್ಮ. ನಾದಿನಿ ಕೆಲಸದ ವರ್ಗಾವಣೆಯಾಗಿ ಈ ಊರಿಗೆ ಬಂದಾಗ, “ಅವಳಿಗೂ ನಾಲ್ಕು ಜನ ಪರಿಚಯ ಆಗ್ಲಿ, ನಿನ್ನ ಜೊತೆ ಕರ್ಕೊಂಡು ಹೋಗೇ,” ಎಂದು ಅತ್ತೆ ಫೋನಿನಲ್ಲಿ ಹೇಳುತ್ತಲೇ ಇದ್ದರು. “ಅಲ್ಲಿ ಬರೀ ಹರಟೆ ಅತ್ತೆ, ಅವಳಿಗೆ ಬೇಜಾರಾಗತ್ತೆ,” ಎಂದು ಜಾರಿಕೊಂಡಿದ್ದಳು.

ಟೀಚರಮ್ಮ ಆಗಲೇ ನಾದಿನಿಯ ಎರಡೂ ಕೈ ಹಿಡಿದುಕೊಂಡಿದ್ದರು.

“ನಿಮ್ಮ ಅತ್ತಿಗೆ ಎಂಥ ಗಟ್ಟಿ ಜೀವ ರೀ! ತುಂಬಿದ ತಿಂಗಳಲ್ಲಿ ಮಗು ಕಳ್ಕೊಂಡು, ಅದನ್ನ ನಮ್ಮ ಮುಂದೆ ಹೇಳ್ಕೊಂಡ್ಳಲ್ಲ... ಮಗು ಇಲ್ಲ, ಹಾಲು ಮಾತ್ರ ಬರ್ತಾನೇ ಇದೆ. ಬಸ್ಸಲ್ಲಿ ಯಾರದೋ ಮಗು ಅತ್ತಿದ್ದಕ್ಕೆ ಇವಳ ಬಟ್ಟೆಯೆಲ್ಲ ಒದ್ದೆ. ಅದನ್ನ ಕೇಳಿದ ಮೇಲೆ ನಾನು ಮನೆಗೆ ಹೋಗಿ ನನ್ನ ಮಗಳನ್ನ ತಬ್ಕೊಂಡು ಅತ್ತುಬಿಟ್ಟೆ, ಗೊತ್ತಾ?”

ನಾದಿನಿ ಅತ್ತಿಗೆಯ ಕಡೆ ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಬೀದಿಯಲ್ಲಿ ಯಾರೋ ತನ್ನ ಬಟ್ಟೆ ತೊಟ್ಟು ಹೋಗುವುದನ್ನು ಕಂಡು, ಇದು ನನ್ನದೇ ಹೌದೋ ಅಲ್ಲವೋ ಎಂದು ಅನುಮಾನಿಸುವವಳ ನೋಟ ಅದು.

ಅತ್ತಿಗೆ ಚಾಪೆ ಹಿಡಿದುಕೊಂಡೇ ನಿಂತಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದಳು.

“ಹೌದು,” ಎಂದಳು ನಾದಿನಿ. “ಆಗ ನಾನೂ ಜೊತೇಲೇ ಇದ್ದೆ.”

ಎಲ್ಲರೂ ಸುತ್ತ ಕೂತರು. ಹೊಸಬರು ತಮ್ಮ ಬಗ್ಗೆ ಏನಾದರೂ ಹೇಳಬೇಕೆಂಬುದು ರೂಢಿ. ನಾದಿನಿ ಬಾಯಿ ತೆರೆದು, ಮುಚ್ಚಿ, “ನಂದೇನಿಲ್ಲ. ಬೆನ್ನುನೋವು, ಅಷ್ಟೆ,” ಎಂದು ನಕ್ಕಳು. ಉಳಿದವರೂ ನಕ್ಕರು.

ಮಗುವಿನ ಆ ಮಾತು ತನ್ನ ಬಾಯಿಂದ ಹೇಗೆ ಬಂತೋ ಅತ್ತಿಗೆಗೆ ಇಂದಿಗೂ ತಿಳಿದಿರಲಿಲ್ಲ. ಬಳಗಕ್ಕೆ ಸೇರಿದಾಗಿನಿಂದ ಚಾಪೆ ಹಾಸುವುದು, ಚಹಾ ಕಾಯಿಸುವುದು, ಬೇರೆಯವರು ಅತ್ತಾಗ ಕರವಸ್ತ್ರ ಕೊಡುವುದು, ಇಷ್ಟೇ ಅವಳ ಪಾಲಿಗೆ ಬಂದಿತ್ತು. ಒಬ್ಬಳ ಗಂಡ ಬಿಟ್ಟುಹೋಗಿದ್ದ, ಇನ್ನೊಬ್ಬಳು ಕಾಯಿಲೆಯಿಂದ ಎದ್ದು ಬಂದಿದ್ದಳು. ಇವಳ ಗಂಡ ಒಳ್ಳೆಯವನು, ಅತ್ತೆಯೂ ಪರವಾಗಿಲ್ಲ. ತನ್ನ ಸರದಿ ಬಂದಾಗ “ನಂದೇನಿಲ್ಲ” ಎಂದರೆ ಎಲ್ಲರ ಕಣ್ಣು ಪಕ್ಕದವಳಿಗೆ ಸರಿದುಬಿಡುತ್ತಿತ್ತು. ಒಂದು ಭಾನುವಾರ ಹಾಗೆ ಸರಿಯುತ್ತಿದ್ದ ಕಣ್ಣುಗಳನ್ನು ತಡೆದು ನಿಲ್ಲಿಸಬೇಕೆನಿಸಿತು. ನಾದಿನಿ ಹಿಂದೊಮ್ಮೆ ಬಚ್ಚಲುಮನೆಯ ಚಿಲಕ ಹಾಕಿಕೊಂಡು, ನಲ್ಲಿ ಬಿಟ್ಟು, ತನ್ನ ಅಮ್ಮನಿಗೂ ಹೇಳದೆ ಇವಳೊಬ್ಬಳಿಗೇ ಹೇಳಿದ್ದ ಆ ಹಾಲಿನ, ಬಸ್ಸಿನ ಮಾತು ‘ನಾನು’ ಎಂಬ ಪದದೊಂದಿಗೆ ಹೊರಬಿತ್ತು. ಡ್ರೈವರಮ್ಮ ಎದ್ದು ಬಂದು ಅವಳನ್ನು ಅಪ್ಪಿಕೊಂಡಳು. ಅಂದಿನಿಂದ ಅವಳು ಚಹಾ ಕಾಯಿಸಬೇಕಾಗಿರಲಿಲ್ಲ. ಬೇರೆಯವರು ಕಾಯಿಸಿ ಕೈಗೆ ತಂದುಕೊಡುತ್ತಿದ್ದರು. ಆ ಚಹಾ ಅವಳಿಗೆ ರುಚಿಸಿತ್ತು.

ಸಭೆ ಮುಗಿದು ಇಬ್ಬರೂ ಬೀದಿಗಿಳಿದರು. ನಾದಿನಿ ಬೆನ್ನಿಗೆ ಕೈ ಕೊಟ್ಟುಕೊಂಡು ನಿಧಾನವಾಗಿ ನಡೆಯುತ್ತಿದ್ದಳು.

“ನನ್ನ ಬೈಯೇ,” ಎಂದಳು ಇವಳು. “ಹೊಡಿ ಬೇಕಾದ್ರೆ.”

“ಬೈದು ಏನು ಮಾಡ್ಲಿ, ಅತ್ತಿಗೆ?” ಸ್ವಲ್ಪ ದೂರ ಹೋದ ಮೇಲೆ ನಾದಿನಿಯೇ ಕೇಳಿದಳು: “ಹೆಸರು ಹೇಳಿದ್ರಾ?”

“ಯಾವ ಹೆಸರು?”

“ಮಗೂಗೆ ಒಂದು ಹೆಸರಿಟ್ಟಿದ್ದೆ. ನಿಮಗೂ ಹೇಳಿರ್ಲಿಲ್ಲ ಅಲ್ವಾ? ಸದ್ಯ.”

ಆ ‘ಸದ್ಯ’ ಅವಳ ಕೆನ್ನೆಗೆ ಬಾರಿಸಿದಂತಿತ್ತು. ಬಸ್ಸು ಬಂತು. ಪಕ್ಕದ ಸೀಟು ಖಾಲಿಯಿದ್ದರೂ ನಾದಿನಿ ಮುಂದೆ ಹೋಗಿ ಕೂತಳು.

ಆ ವಾರವೆಲ್ಲ ಅಂಗಡಿಯಲ್ಲಿ ಅವಳ ಕೈ ಕೆಲಸಕ್ಕೆ ಬಗ್ಗಲಿಲ್ಲ. ಯಾರೋ ಹಿರಿಯರ ಕನ್ನಡಕಕ್ಕೆ ಎಡದ ಗಾಜನ್ನು ಬಲಕ್ಕೆ ಕೂರಿಸಿ ಕೊಟ್ಟಳು, ಅವರು ಹೊಸ್ತಿಲು ಎಡವಿ ವಾಪಸು ಬಂದರು. “ಮನಸ್ಸೆಲ್ಲಿದೆ ತಾಯಿ?” ಎಂದ ಮಾಲೀಕ. ಮುಂದಿನ ಭಾನುವಾರ ಬಳಗಕ್ಕೆ ಹೋಗದೆಯೂ ಇರಬಹುದಿತ್ತು. ಊರು ದೊಡ್ಡದು, ಬೇರೆ ಬಳಗಗಳಿದ್ದವು. ಆದರೂ ಹೋದಳು. ನಾದಿನಿ ಬಂದಿರಲಿಲ್ಲ. ಯಾರೋ ಚಹಾ ತಂದುಕೊಟ್ಟರೆ ತೆಗೆದುಕೊಳ್ಳಲಿಲ್ಲ.

“ಅದು ನಂದಲ್ಲ,” ಎಂದಳು. “ಮಗು. ಅದು ನನ್ನ ನಾದಿನೀದು. ನಾನು ನಂದು ಅಂತ ಹೇಳ್ಕೊಂಡೆ.”

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

“ಯಾಕೆ?” ಎಂದರು ಟೀಚರಮ್ಮ. ಪಾಠ ಒಪ್ಪಿಸದ ಹುಡುಗಿಯನ್ನು ಕೇಳುವ ದನಿಯಲ್ಲ ಅದು. ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ.

“ನನ್ನ ಹತ್ರ ಹೇಳೋದಕ್ಕೆ ಏನೂ ಇರ್ಲಿಲ್ಲ.”

ಡ್ರೈವರಮ್ಮ ಎದ್ದು ಕಿಟಕಿಯ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತಳು. “ನಿನ್ನ ನೆನೆಸ್ಕೊಂಡು ನಾನು ಸ್ಟೇರಿಂಗ್ ಹಿಡ್ಕೊಂಡೇ ಅತ್ತಿದೀನಿ ಕಣೆ,” ಎಂದಳು. “ಬಸ್ಸಿನ ತುಂಬ ಜನ ಇಟ್ಕೊಂಡು.”

ಯಾರೂ ಹೊರಗೆ ಹೋಗು ಎನ್ನಲಿಲ್ಲ. ಯಾರೂ ಕೂತುಕೋ ಎಂದೂ ಹೇಳಲಿಲ್ಲ. ಅವಳು ತನ್ನ ಚಾಪೆಯನ್ನು ಸುತ್ತಿ ಮೂಲೆಗಿಟ್ಟು ಇಳಿದು ಬಂದಳು.

ಮನೆಗೆ ಹೋಗಿ ನಾದಿನಿಗೆ ಫೋನು ಮಾಡಿ, “ಹೇಳಿಬಿಟ್ಟೆ,” ಎಂದಳು. “ಸರಿ,” ಎಂದು ನಾದಿನಿ ಫೋನು ಇಟ್ಟಳು. ಆಮೇಲೆ ಫಿಸಿಯೋ ತಾನೇ ನಾದಿನಿಯ ಮನೆಗೆ ಹೋಗಿ ಬಂದಳೆಂದು ಗಂಡನ ಬಾಯಿಂದ ತಿಳಿಯಿತು. ಏಕೆಂದು ಗಂಡನಿಗೆ ಗೊತ್ತಿರಲಿಲ್ಲ. ಅವನಿಗೂ ಹೇಳಿದಳು. ಅವನು ಊಟದ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಕೆಲವು ವಾರ ಕಳೆದ ಮೇಲೆ ಒಂದು ಶನಿವಾರ ನಾದಿನಿಯೇ ಫೋನು ಮಾಡಿದಳು. “ನಾಳೆ ಹೋಗ್ಬೇಕು ಅಂತಿದೀನಿ. ಆ ಮೆಟ್ಟಿಲು ಹತ್ತೋಕೆ ಬೆನ್ನು ಬಿಡಲ್ಲ. ಬರ್ತೀರಾ?”

ಮರುದಿನ ಅವಳು ನಾದಿನಿಯ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿದಳು. ಬಾಗಿಲ ಬಳಿ ನಾದಿನಿ ತೋಳು ಬಿಡಿಸಿಕೊಂಡಳು.

“ಇಲ್ಲಿಂದ ನಾನೊಬ್ಬಳೇ ಹೋಗ್ತೀನಿ, ಅತ್ತಿಗೆ. ನೀವು ಕೇಳಿಸ್ಕೋಬಾರ್ದು.”

“ಹೂಂ,” ಎಂದಳು.

ಬಾಗಿಲು ಮುಚ್ಚಿತು. ಅವಳು ಕೆಳಗಿಳಿದು ಔಷಧಿ ಅಂಗಡಿಯ ಮುಂದೆ ನಿಂತಳು. ಮೇಲೆ ಕೋಣೆಯ ಕಿಟಕಿ ತೆರೆದಿತ್ತು. ಮೊದಲು ಕುರ್ಚಿ ಎಳೆದ ಸದ್ದು, ಆಮೇಲೆ ನಿಶ್ಶಬ್ದ, ಆಮೇಲೆ ತಗ್ಗಿದ ಒಂದು ದನಿ. ಅವಳು ತಟ್ಟನೆ ರಸ್ತೆ ದಾಟಿ ಆಚೆ ಬದಿಗೆ ಹೋದಳು. ಅಲ್ಲಿಗೂ ಕೇಳಿಸಿದಂತಾಗಿ ಮೂಲೆಯವರೆಗೆ ನಡೆದಳು. ಮೂಲೆಯಲ್ಲಿ ಟೈರಿಗೆ ಗಾಳಿ ತುಂಬುವ ಅಂಗಡಿಯ ಯಂತ್ರ ಗಡಗಡ ಎನ್ನುತ್ತಿತ್ತು. ಅದರ ಪಕ್ಕಕ್ಕೇ ಹೋಗಿ ನಿಂತಳು.

“ಏನಮ್ಮ, ಗಾಡಿ ಎಲ್ಲಿ?” ಎಂದ ಅಂಗಡಿಯವನು, ಯಂತ್ರ ಆರಿಸಲು ಕೈ ಚಾಚುತ್ತ.

“ಗಾಡಿ ಇಲ್ಲ,” ಎಂದಳು. “ನಿಲ್ಲಿಸ್ಬೇಡಿ. ಸ್ವಲ್ಪ ಹೊತ್ತು ಹಾಗೇ ಓಡ್ತಾ ಇರ್ಲಿ.”