ಬೇಲಿ ಇರುವುದು, ಬೇಲಿ ಇಲ್ಲದ್ದು

ಫ್ಯಾನ್ ಗಾಳಿಗೆ ಸಿಂಹದ ಕಿವಿ ಅಲ್ಲಾಡುತ್ತಿದೆ, ಒಂದೇ ಕಿವಿ, ಎಡಗಡೆಯದು, ಗೋಡೆಯ ಪೋಸ್ಟರಿನ ಹೊಳಪು ಕಾಗದದ ಮೂಲೆ ಸುರುಳಿ ಸುತ್ತಿಕೊಂಡು ಮೇಲೇಳುತ್ತದೆ, ಮಲಗುತ್ತದೆ, ಮತ್ತೆ ಏಳುತ್ತದೆ, ನಾನು ಆಡುವುದನ್ನೆಲ್ಲ ಕೇಳಿಸಿಕೊಳ್ಳುತ್ತಿರುವ ಹಾಗೆ — ಇನ್ನೂ ಏನೂ ಆಡಿಲ್ಲ, ಬಂದು ಕೂತಾಗಿನಿಂದ ಹೂಂ ಹೂಂ ಅಂದದ್ದೇ ಬಂತು, ಟ್ರಾವೆಲ್ಸಿನವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಮತ್ತೆ ಹೇಳುತ್ತಿದ್ದಾರೆ, ನೋಡಿ ಮೇಡಂ, ಸಿಂಹದ ಸಫಾರಿಗೆ ಎರಡೇ ಜಾಗ ಉಳಿದಿರೋದು, ಎರಡು ಕಡೆನೂ ಒಂದೊಂದೇ, ಸಂಜೆವರೆಗೂ ಹಿಡಿದಿಡ್ತಾರೆ, ಆಮೇಲೆ ನನ್ನ ಕೈಲಿಲ್ಲ. ನನ್ನ ಕೈಲಿದೆಯಂತೆ ಹಾಗಾದರೆ. ಒಂದು ಗಟ್ಟಿ ಗೋಡೆಯ ಲಾಡ್ಜು, ಸುತ್ತ ಬೇಲಿ, ಕರೆಂಟು ಹರಿಯುವ ತಂತಿ, ಗಾಜಿನ ಹಿಂದೆ ಕೂತು ನೀರಿನ ಗುಂಡಿಗೆ ಬರುವ ಪ್ರಾಣಿಗಳನ್ನು ನೋಡಬಹುದು, ದೀಪ ಹಾಕಿರುತ್ತಾರೆ, ಆಸ್ಪತ್ರೆ ಹತ್ತಿರ. ಇನ್ನೊಂದು ನದಿ ದಂಡೆಯಲ್ಲಿ ಬರೀ ಟೆಂಟು, ದಪ್ಪ ಬಟ್ಟೆಯ ಗೋಡೆ, ಬಾಗಿಲಿಗೆ ಜಿಪ್, ಬೇಲಿ ಇಲ್ಲ, ಆನೆ ಬಂದರೆ ಹಗ್ಗ ಮುಟ್ಟಿಕೊಂಡೇ ಹೋಗುತ್ತದಂತೆ, ಕತ್ತಲಾದ ಮೇಲೆ ಕಾವಲಿನವನಿಲ್ಲದೆ ಒಂದು ಹೆಜ್ಜೆ ಹೊರಗಿಡುವಂತಿಲ್ಲ. ಒಂದು ಹೆಜ್ಜೆ. ನನ್ನ ಪಕ್ಕದ ಕುರ್ಚಿಯಲ್ಲಿ ಅಪ್ಪ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಇಂಟರ್‌ವ್ಯೂಗೆ ಬಂದವರ ಹಾಗೆ ನೆಟ್ಟಗೆ ಕೂತಿದ್ದಾರೆ, ಲಾಡ್ಜು ಅಂದ ಕೂಡಲೇ ನನ್ನ ಕಡೆ ಬಾಗಿದರು, ಯಾವ ಲಾಡ್ಜು ಪುಟ್ಟಿ, ಬಸ್‌ಸ್ಟ್ಯಾಂಡ್ ಪಕ್ಕ ಇರುತ್ತಲ್ಲ, ತಿಗಣೆ ಇರೋದು, ಅಂಥದ್ದಾ. ಟ್ರಾವೆಲ್ಸಿನವರು ನಕ್ಕರು, ನಾನೂ ನಕ್ಕೆ, ತಮಾಷೆ ಮಾಡಿದರೋ ನಿಜವಾಗಿ ಕೇಳಿದರೋ ಗೊತ್ತಾಗಲಿಲ್ಲ, ಈಗೀಗ ಗೊತ್ತಾಗುವುದೇ ಇಲ್ಲ, ನಗುವ ಮುಂಚೆ ಅವರ ಮುಖ ನೋಡಬೇಕು.

ಆದರೆ ಚಿತ್ರ ನೋಡಿದಾಗ ಅಪ್ಪ ಪೂರಾ ಅಪ್ಪನೇ. ಕನ್ನಡಕ ಏರಿಸಿ ಗಾಜಿನ ಲಾಡ್ಜಿನ ಫೋಟೋವನ್ನು ಬಹಳ ಹೊತ್ತು ನೋಡಿ, ನೀರಿಗೆ ಹೀಗೆ ಲೈಟ್ ಹಾಕಿದಾರಲ್ಲ, ಪಾಪ ಅವು ಮಲಗೋದು ಯಾವಾಗ, ಅಂದರು. ಆಮೇಲೆ ಮೆಲ್ಲಗೆ, ಇದು ನಮ್ಮ ಝೂ ಥರಾನೇ ಇದೆ, ಚೆನ್ನಾಗಿಟ್ಟಿದಾರೆ. ಮೃಗಾಲಯದಲ್ಲಿ ಸಿಂಹಗಳನ್ನು ನೋಡಿಕೊಳ್ಳುತ್ತಲೇ ಕೂದಲು ಬೆಳ್ಳಗಾದ ಮನುಷ್ಯ, ಕೆಲಸಕ್ಕೆ ಸೇರಿದಾಗ ಅಣ್ಣ ತೊಟ್ಟಿಲಲ್ಲಿದ್ದ, ಬಿಟ್ಟಾಗ ಅಣ್ಣನ ಮಗಳಿಗೆ ಮದುವೆ ಮಾತು ನಡೆಯುತ್ತಿತ್ತು. ಅಪ್ಪನ ಸಿಂಹಿಣಿಯ ಹೆಸರು ಬೋರ್ಡಿನ ಮೇಲೆ ಬೇರೆ ಏನೋ ಇತ್ತು, ನಮ್ಮ ಮನೆಯಲ್ಲಿ ಅವಳು ದೊಡ್ಡಕ್ಕ, ದೊಡ್ಡಕ್ಕ ಇವತ್ತು ತಟ್ಟೆ ಮುಟ್ಟಲಿಲ್ಲ, ದೊಡ್ಡಕ್ಕನ ಮುಂಗಾಲು ಊದಿದೆ, ಅಮ್ಮ ಸೌಟು ಕುಕ್ಕಿ ಹೇಳುತ್ತಿದ್ದಳು, ಅವಳಿಗೆ ಜ್ವರ ಬಂದರೆ ರಜ ಹಾಕ್ತಾರೆ, ನನಗೆ ಬಂದರೆ ಮಾತ್ರೆ ಇಟ್ಟು ಹೋಗ್ತಾರೆ, ನಿಮ್ಮಪ್ಪ ಕಟ್ಟಿಕೊಂಡಿರೋದು ಅವಳನ್ನ, ನಾನು ಸವತಿ. ಅಮ್ಮ ತೀರಿಕೊಂಡ ವರ್ಷವೇ ದೊಡ್ಡಕ್ಕನೂ ಹೋದಳು, ಅಪ್ಪ ಯಾರಿಗಾಗಿ ಅಳುತ್ತಿದ್ದಾರೆ ಎಂದು ಕೇಳುವ ಧೈರ್ಯ ನಮಗಿರಲಿಲ್ಲ. ದೊಡ್ಡಕ್ಕ ದಿನವಿಡೀ ನಡೆಯುತ್ತಿದ್ದಳು, ಗೋಡೆಯವರೆಗೆ ಹೋಗಿ ತಿರುಗುವುದು, ಈ ಗೋಡೆಗೆ ಬಂದು ತಿರುಗುವುದು, ಶಾಲೆ ಬಿಟ್ಟು ಅಪ್ಪನ ಹತ್ತಿರ ಹೋದಾಗ ಕಂಬಿಗೆ ಹಣೆ ಒತ್ತಿ ನೋಡುತ್ತಿದ್ದೆ, ಅವಳು ತಿರುಗುವ ಜಾಗದಲ್ಲಿ ನೆಲ ಸವೆದು ನುಣ್ಣಗಾಗಿತ್ತು. ಒಂದು ದಿನ ಅಪ್ಪ ಪೈಪು ಹಿಡಿದು ನೆಲ ತೊಳೆಯುತ್ತಾ, ಪುಟ್ಟಿ, ತಿರುಗದೇ ಹೋಗೋ ಸಿಂಹ ಒಂದನ್ನ ನೋಡಬೇಕು ಕಣೇ, ಹೋಗ್ತಾನೇ ಇರಬೇಕು, ನಾವು ನಿಂತು ನೋಡ್ತಾನೇ ಇರಬೇಕು, ಕಣ್ಣಿಗೆ ಕಾಣದ ಹಾಗೆ ಆಗಿಬಿಡಬೇಕು. ಅಷ್ಟೇ ಅಂದದ್ದು. ಮತ್ತೆ ಎಂದೂ ಆ ಮಾತು ಎತ್ತಲಿಲ್ಲ, ಹೋಗೋಣ ಎಂದೂ ಕೇಳಲಿಲ್ಲ, ಕೇಳಿ ಗೊತ್ತಿಲ್ಲದ ಮನುಷ್ಯ. ಹೋದ ತಿಂಗಳು ಡಾಕ್ಟರು ಅಪ್ಪನನ್ನು ಹೊರಗೆ ಕೂರಿಸಿ ನನಗೆ ಹೇಳಿದರು, ಎಲ್ಲಿಗಾದರೂ ಕರೆದುಕೊಂಡು ಹೋಗೋ ಆಸೆ ಇದ್ದರೆ ಈ ವರ್ಷವೇ ಹೋಗಿಬನ್ನಿ. ಮುಂದಿನ ವರ್ಷ ಏನಾಗುತ್ತದೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಮೆಟ್ಟಿಲಿಳಿಯುವಾಗ ಅಪ್ಪ ಮಾತ್ರ ಕೇಳಿದರು, ಯಾಕೆ ಬಂದಿದ್ವಿ ಇಲ್ಲಿಗೆ.

ಬೇಲಿ ಇರೋದನ್ನೇ ನೋಡು, ಅಣ್ಣ ಬೆಳಿಗ್ಗೆ ಫೋನಿನಲ್ಲಿ, ಹಿಂದೆ ಅವನ ಪ್ರೆಸ್ಸಿನ ಯಂತ್ರ ಧಡಧಡ ಎನ್ನುತ್ತಿತ್ತು, ನನ್ನ ಮಾತು ಕೇಳಿದರೆ ಎರಡೂ ಬೇಡ, ಅಲ್ಲಿಂದ ವಾಪಸ್ ಬರೋ ಹೊತ್ತಿಗೆ ಅವರಿಗೆ ಮರೆತೇ ಹೋಗಿರುತ್ತೆ, ಸಮುದ್ರ ದಾಟಿ ಇಷ್ಟು ದೂರ ಯಾಕೆ ಸಾಯ್ತೀಯ. ಮರೆತರೆ ಮರೆಯಲಿ, ನೋಡಿದ್ದು ನೋಡಿದ್ದೇ ಅಲ್ಲವಾ ಅಂದೆ. ಆಮೇಲೆ ಅವನು, ಹೋದ ವಾರದ್ದು ಹೇಳಿದೀಯ ಆ ಟ್ರಾವೆಲ್ಸಿನವರಿಗೆ. ಹೇಳಿಲ್ಲ. ಹೇಳಿದರೆ ಟೆಂಟಿನವರು ಬೇಡ ಎನ್ನುತ್ತಾರೆ, ಟ್ರಾವೆಲ್ಸಿನವರು ಮೊದಲ ದಿನವೇ ಕೇಳಿದ್ದರು, ಯಜಮಾನರಿಗೆ ಆರೋಗ್ಯ ಹೇಗೆ, ಮಂಡಿ ನೋವು ಒಂದು ಬಿಟ್ಟರೆ ಗಟ್ಟಿ ಅಂದುಬಿಟ್ಟೆ, ಸುಳ್ಳೇನಲ್ಲ, ಮಂಡಿ ನೋವಿದೆ. ಹೋದ ವಾರ ನಾನು ಏಳುವಷ್ಟರಲ್ಲಿ ಮನೆ ಬಾಗಿಲು ತೆರೆದಿತ್ತು, ಅಪ್ಪನ ಹಾಸಿಗೆ ತಣ್ಣಗಿತ್ತು, ಕೆಳಗೆ ಓಡಿದರೆ ಕೆಳಮಹಡಿಯ ಟೀಚರ್ ಅಪ್ಪನನ್ನು ಮೆಟ್ಟಿಲ ಮೇಲೆ ಕೂರಿಸಿ ಶಾಲು ಹೊದಿಸಿದ್ದರು, ಎಲ್ಲರ ಬಾಗಿಲನ್ನೂ ಎಳೆದು ಎಳೆದು ನೋಡ್ತಿದ್ದರು ಕಣಮ್ಮ, ನಾನು ಕಳ್ಳ ಅಂದುಕೊಂಡೆ. ಬರಿಗಾಲು, ಪಾದವೆಲ್ಲ ಧೂಳು. ಅಂದಿನಿಂದ ನಾನು ನಡುಮನೆಯಲ್ಲಿ ಬಾಗಿಲಿಗೆ ಅಡ್ಡ ಮಲಗುತ್ತೇನೆ, ಮಲಗುತ್ತೇನೆ ಎನ್ನುವುದು ಹೆಸರಿಗೆ, ಬಳೆ ಸದ್ದಾದರೂ ಎದ್ದು ಕೂರುತ್ತೇನೆ, ಹಗಲು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಯಾರದೋ ವಸಡಿನ ಅಚ್ಚಿಗೆ ಮೇಣ ಹಚ್ಚುತ್ತಾ ಕಣ್ಣು ಎಳೆಯುತ್ತದೆ. ಇಂಥವರನ್ನು ಕರೆದುಕೊಂಡು ಹೋಗಿ ಜಿಪ್ ಬಾಗಿಲ ಟೆಂಟಿನಲ್ಲಿ ಮಲಗಿಸುತ್ತೀಯಾ, ಅಣ್ಣನ ದನಿಯೋ ನನ್ನದೋ, ಜಿಪ್ ಎಳೆದರೆ ಎಷ್ಟು ಸದ್ದಾಗುತ್ತದೆ, ನಿದ್ದೆಯಲ್ಲಿದ್ದವಳಿಗೆ ಕೇಳಿಸುತ್ತದಾ, ಹೊರಗೆ ನದಿ, ನದಿಯಿಂದ ಮೇಲೆ ಬಂದು ಹುಲ್ಲು ಮೇಯುವ ನೀರಾನೆ, ಬರಿಗಾಲಲ್ಲಿ ಅಪ್ಪ. ಮತ್ತೆ ಆ ಗಾಜಿನ ಲಾಡ್ಜು, ಅಲ್ಲಿಯ ಕಾಡೂ ಪೂರ್ತಿ ಕಾಡಲ್ಲ ಮೇಡಂ, ದೊಡ್ಡದಿದೆ, ಆದರೆ ಸುತ್ತ ತಂತಿ ಇದೆ, ಅದಕ್ಕೇ ಪ್ರಾಣಿ ಕಾಣೋದು ಗ್ಯಾರಂಟಿ, ಅಂತಿದ್ದಾರೆ ಟ್ರಾವೆಲ್ಸಿನವರು. ಗ್ಯಾರಂಟಿ. ಎಲ್ಲೋ ಒಂದು ಕಡೆ ತಂತಿ ಬರುತ್ತದೆ, ಸಿಂಹ ತಿರುಗುತ್ತದೆ, ಅಪ್ಪ ಅದನ್ನು ನೋಡುತ್ತಾರೆ, ಚೆನ್ನಾಗಿಟ್ಟಿದಾರೆ ಎನ್ನುತ್ತಾರೆ — ಪಕ್ಕದ ಕುರ್ಚಿ ಖಾಲಿ. ಟೋಪಿ ಮಾತ್ರ ಇದೆ.

ತಿರುಗಿದರೆ ಅಪ್ಪ ಆಫೀಸಿನ ಬಾಗಿಲ ಹತ್ತಿರ, ಹಿಡಿಕೆ ಹಿಡಿದು ಒಂದು ಸಲ ಎಳೆದು, ಬಿಟ್ಟು, ಮತ್ತೊಂದು ಸಲ ಎಳೆದು, ಕಿವಿಗೊಟ್ಟು ಕೇಳಿ, ಪಕ್ಕದ ಬೀರುವಿಗೆ ಹೋಗುತ್ತಿದ್ದಾರೆ. ಸರ್, ಬಾಗಿಲು ತೆಗೆದಿದೆ, ಹೊರಗಡೆಗೆ ತಳ್ಳಬೇಕು, ಅಂತಾರೆ ಟ್ರಾವೆಲ್ಸಿನವರು, ಅಪ್ಪ ತಿರುಗಿ ನೋಡದೆ, ಗೊತ್ತು ಗೊತ್ತು, ಚಿಲಕ ಬಿದ್ದಿದೆಯಾ ಅಂತ ನೋಡ್ತಿದ್ದೆ. ಹಾಗಾದರೆ ಮೆಟ್ಟಿಲ ಮೇಲೆ, ಟೀಚರ ಬಾಗಿಲು, ಎದುರುಮನೆ ಬಾಗಿಲು, ಎಲ್ಲಿಗೋ ಹೊರಟಿದ್ದರು ಅಂದುಕೊಂಡಿದ್ದೆನಲ್ಲ, ಹೊರಟಿರಲಿಲ್ಲ, ಡ್ಯೂಟಿ ಮಾಡುತ್ತಿದ್ದರು, ಎಲ್ಲರನ್ನೂ ಒಳಗೆ ಹಾಕಿ ಆಯಿತಾ ಎಂದು ನೋಡುತ್ತಿದ್ದರು. ಟ್ರಾವೆಲ್ಸಿನವರ ನಗು ನಿಧಾನವಾಗಿ ಇಳಿಯುತ್ತದೆ, ನನ್ನನ್ನು ನೋಡುತ್ತಾರೆ, ಮೇಡಂ, ಯಜಮಾನರಿಗೆ ಏನಾದರೂ... ಇಲ್ಲ ಇಲ್ಲ, ಅಭ್ಯಾಸ ಅಷ್ಟೇ, ಹಳೇ ಕೆಲಸದ್ದು, ನನ್ನ ಬಾಯಿ ತಾನೇ ಹೇಳುತ್ತಿದೆ. ಅಪ್ಪ ಬಂದು ಕೂತರು. ಟೋಪಿ ಮಂಡಿಯ ಮೇಲೆ. ಅಭ್ಯಾಸ ಅಲ್ಲ ಸರ್, ಮರೆವು, ಅಂದರು ಅಪ್ಪ. ಬೆಳಕು ಹರಿಯೋ ಮುಂಚೆ ಎದ್ದು ಓಡಾಡ್ತೀನಿ, ಎಲ್ಲಿದೀನಿ ಗೊತ್ತಾಗಲ್ಲ, ಆಮೇಲೆ ಇವಳು ಹೇಳ್ತಾಳೆ. ನಾನು ಅಪ್ಪಾ ಅಂದೆ, ಅವರು ನನ್ನ ಕೈಮೇಲೆ ಕೈಯಿಟ್ಟು ಸುಮ್ಮನಿರಿಸಿದರು. ಅದನ್ನ ಅಲ್ಲಿಯವರಿಗೆ ಹೇಳಿಬಿಡಿ ಸರ್, ಯಾವ ಪ್ರಾಣಿ ಹೆಂಗೆ ಅಂತ ಹೇಳದೇ ಮುಂದಿನ ಪಾಳಿಯವನಿಗೆ ಬೀಗದ ಕೈ ಕೊಡಬಾರದು, ಅವನು ಒಳಗೆ ಹೋಗೋನಲ್ಲವಾ. ನನಗೆ ತಲೆ ಎತ್ತಲಾಗುತ್ತಿಲ್ಲ. ಇಷ್ಟು ದಿನ ಅವರಿಗೆ ತಿಳಿಯದ ಹಾಗೆ ಬಾಗಿಲಿಗೆ ಅಡ್ಡ ಹಾಸಿಕೊಂಡೆ, ಸೆಖೆ ಅಪ್ಪ, ಇಲ್ಲಿ ಗಾಳಿ ಬರುತ್ತೆ ಅಂದೆ, ಅವರು ಹೂಂ ಅಂದರು, ದಿಂಬು ತಂದುಕೊಟ್ಟರು.

ಟ್ರಾವೆಲ್ಸಿನವರು ಎದುರಿಗೇ ಫೋನ್ ಹಚ್ಚಿದರು, ಟೆಂಟಿನ ಕ್ಯಾಂಪಿಗೆ, ಅಲ್ಲಿಯ ಮ್ಯಾನೇಜರ್ ಹೆಂಗಸು, ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತು, ಬೇಡ ಎಂದುಬಿಡಲಿ, ಬೇಡ ಎಂದರೆ ನಾನು ಆರಿಸಬೇಕಾಗಿಲ್ಲ, ಬೇಡ ಎನ್ನದಿರಲಿ. ಸರ್, ಅವರು ನಿಮ್ಮನ್ನೇ ಒಂದು ಮಾತು ಕೇಳಬೇಕಂತೆ, ಟೆಂಟಿನ ಮುಂದೆ ಸಿಂಹ ನಿಂತಿದ್ದರೆ ಏನು ಮಾಡ್ತೀರಿ. ಅಪ್ಪ ತಟ್ಟನೆ, ನಿಂತಲ್ಲೇ ನಿಲ್ತೀನಿ, ಓಡಲ್ಲ, ಬೆನ್ನು ತೋರಿಸಲ್ಲ. ಉತ್ತರ ಇಂಗ್ಲಿಷಿನಲ್ಲಿ ಅತ್ತ ಹೋಯಿತು, ಇತ್ತ ಇನ್ನೊಂದು ಪ್ರಶ್ನೆ ಬಂತು, ಟ್ರಾವೆಲ್ಸಿನವರು ಹೇಳಲು ಸ್ವಲ್ಪ ತಡವರಿಸಿದರು, ಅದು ಸಿಂಹ ಅನ್ನೋದೇ ಮರೆತುಹೋಗಿದ್ದರೆ. ಅಪ್ಪ ಟೋಪಿಯ ಅಂಚನ್ನು ಸುತ್ತಲೂ ಸವರಿದರು, ಒಂದು ಸುತ್ತು, ಇನ್ನೊಂದು ಸುತ್ತು. ಮರೆತುಹೋಗಿದ್ದರೆ ಗೊತ್ತಿಲ್ಲಮ್ಮ, ಅಂದರು, ಫೋನಿಗೇ, ಆ ಹೆಂಗಸಿಗೆ ಕನ್ನಡ ಬರುತ್ತದೆ ಎಂಬಂತೆ. ಅನುವಾದ ಮಾಡಲೇ ಬೇಕಾಗಲಿಲ್ಲವೋ ಏನೋ, ಅತ್ತಲಿಂದ ಅವಳು ಮೆಲ್ಲಗೆ ಏನೋ ಹೇಳಿದಳು. ಬರಲಿ ಅಂತಿದಾರೆ ಮೇಡಂ, ನಿಮ್ಮಿಬ್ಬರಿಗೂ ಒಂದೇ ಟೆಂಟು, ಬೆಳಗಾಗೋವರೆಗೂ ಹೊರಗೆ ಒಬ್ಬ ಕಾವಲಿನವ ಕೂತಿರ್ತಾನೆ, ಜಿಪ್ಪಿಗೆ ಒಳಗಡೆ ಕೊಕ್ಕೆ ಹಾಕಿಕೊಡ್ತಾರೆ, ಆದರೆ ಅಪಾಯ ಇಲ್ಲ ಅಂತ ಮಾತ್ರ ನಾವು ಹೇಳೋದಿಲ್ಲ, ಮಗಳು ಒಪ್ಪಿದರೆ ಸರಿ, ಇಲ್ಲಾಂದ್ರೆ ಬೇಲಿ ಇರೋ ಕಡೆಗೇ ಹೋಗಲಿ, ತಪ್ಪೇನಿಲ್ಲ ಅಂತಾರೆ.

ಮಗಳು ಒಪ್ಪಿದರೆ. ಅಣ್ಣನಿಗೆ ಏನು ಹೇಳಲಿ, ಏನಾದರೂ ಆದರೆ ಜೀವ ಇರುವವರೆಗೂ ನನ್ನ ಮುಖಕ್ಕೆ ಹೇಳುತ್ತಾನೆ, ಹೇಳದೇ ಇದ್ದರೆ ಅದು ಇನ್ನೂ ಕಷ್ಟ, ಏನೂ ಆಗದೇ ಇರಬಹುದು, ಸಿಂಹವೇ ಕಾಣದೇ ಇರಬಹುದು, ಗ್ಯಾರಂಟಿ ಇಲ್ಲ, ಕೊಕ್ಕೆ ಇದೆ, ಕಾವಲಿದೆ, ನಾನಿದ್ದೇನೆ, ನನಗೆ ನಿದ್ದೆ ಬಂದರೆ, ಬರದು, ಬಂದರೆ — ಟ್ರಾವೆಲ್ಸಿನವರು ಫೋನನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದಾರೆ, ಅವಸರ ಮಾಡುತ್ತಿಲ್ಲ, ಅದೇ ಕಷ್ಟ. ಟೆಂಟೇ ಮಾಡಿ ಅಂದೆ. ಇನ್ನೊಮ್ಮೆ ಹೇಳಿದೆ, ಟೆಂಟು. ಅವರು ಫೋನಿಗೆ ಎಸ್ ಎಸ್ ಅಂದು ಕೀಲಿಮಣೆ ಒತ್ತಿ, ಆಯ್ತು ಮೇಡಂ, ಅದು ನಿಮ್ಮದೇ ಈಗ, ಸರ್, ಕಂಗ್ರಾಜುಲೇಷನ್ಸ್, ಕಾಡಿಗೆ ಹೊರಟಿರಿ. ಅಪ್ಪನ ಮುಖ ಅರಳಿತು, ಎಷ್ಟು ವರ್ಷವಾಯಿತು ಹೀಗೆ ಅರಳಿ, ಎದ್ದು ನಿಂತು ಅವರ ಕೈ ಕುಲುಕಿದರು, ಎರಡೂ ಕೈಯಲ್ಲಿ, ಟೋಪಿ ಹಾಕಿಕೊಂಡರು, ಸರಿಮಾಡಿಕೊಂಡರು, ಆಮೇಲೆ ನನ್ನ ಕಡೆ ತಿರುಗಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟು ನಿಂತರು, ಮರ್ಯಾದೆಯಿಂದ, ತಲೆ ಸ್ವಲ್ಪ ಬಾಗಿಸಿ, ಕೇಳಿದರು, ನೀವೂ ಬರ್ತಿದ್ದೀರಾ. ಬನ್ನಿ, ತುಂಬ ಚೆನ್ನಾಗಿರುತ್ತೆ. ಹೂಂ, ಬರ್ತೀನಿ ಅಂದೆ ಅನಿಸುತ್ತದೆ, ಅವರು ನಗುತ್ತಿದ್ದಾರೆ, ಊರಿನಿಂದ ಬಂದ ಯಾರೋ ಹೊಸಬರಿಗೆ ನಗುವ ಹಾಗೆ, ನೀವೂ, ಆ ನಗುವಿನಲ್ಲಿ ಮೇಲಿನ ಸಾಲು ಪೂರ್ತಿ ಕಾಣುತ್ತಿದೆ, ಅವರ ಬಾಯಿಯ ಅಚ್ಚು ತೆಗೆದು ನನ್ನ ಕೈಯಾರೆ ಒಂದೊಂದಾಗಿ ಕೂರಿಸಿದ ಹಲ್ಲು, ಮುಂದಿನ ಎರಡನ್ನು ಅಪ್ಪನ ಹಳೆಯ ಹಲ್ಲಿನ ಹಾಗೇ ಇರಲಿ ಎಂದು ಬೇಕೆಂದೇ ಚೂರು ಓರೆಯಾಗಿ ಇಟ್ಟಿದ್ದೆ, ನೀವೂ, ಓರೆಯಾಗಿರುವ ಆ ಎರಡು ಹಲ್ಲು, ಬೆಳ್ಳಗೆ, ನನ್ನ ಕಡೆಗೆ —