ವೆಂಡರ್ ತೋಳು

"ನಿನ್ನ ಕೈ ಸೇದೋಗ! ನಾಲ್ಕು ಬಾಲ್ ಸೀದಾ ಎಸೆಯಕ್ಕಾಗಲ್ವೇನೋ ಬೋಳಿಮಗನೆ? ತಿನ್ನೋದು ಅನ್ನಾನೋ ಮಣ್ಣೋ?"

ತಂತಿಬೇಲಿಗೆ ಎರಡೂ ಕೈ ಸಿಕ್ಕಿಸಿ ನಿಂತು ರಾಜ್ ಕೂಗುತ್ತಿದ್ದ. ಮುಖದ ತುಂಬ ನಗು. ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದ ಹ್ಯಾರಿಗನ್ ಸಾಹೇಬನಿಗೆ ಕನ್ನಡ ಬರುವುದಿಲ್ಲ. ನಗುವಷ್ಟೇ ಕಂಡು ಅವನು ತೊಡೆ ತಟ್ಟಿಕೊಂಡ.

"ದಟ್ಸ್ ದ ಸ್ಪಿರಿಟ್, ರಾಜ್! ಏನಂದೆ ಅವನಿಗೆ?"

"ದೇವರು ನಿನ್ನ ಕೈಗೆ ಬಲ ಕೊಡಲಿ ಅಂದೆ," ಎಂದು ರಾಜ್ ಇಂಗ್ಲಿಷಿನಲ್ಲಿ ಹೇಳಿದ.

ಬೈಸಿಕೊಂಡವನು ಮಂಜೇಶ. ಬ್ರಿಡ್ಜ್‌ವಾಟರಿನ ಆ ಮೈದಾನದ ನಡುವೆ, ಕೆಮ್ಮಣ್ಣಿನ ದಿಬ್ಬದ ಮೇಲೆ, ಜುಲೈ ತಿಂಗಳ ನಡುಮಧ್ಯಾಹ್ನದಲ್ಲಿ ಅವನು ಅಂದು ನೂರ ಮೂವತ್ತು ಚೆಂಡು ಎಸೆದಿದ್ದ. ಎಣಿಸಿದವನು ನಾನು. ಬೇರೆ ಯಾರೂ ಎಣಿಸುತ್ತಿರಲಿಲ್ಲ.

ನಾನು ಜಯರಾಮು. ಮಂಜೇಶನೂ ನಾನೂ ರಾಜ್‌ನ ಆಳುಗಳು. ರಾಜ್ ನಮ್ಮ ಕಡೆಯಿಂದ ಇಂಜಿನಿಯರುಗಳನ್ನು ವೀಸಾ ಮಾಡಿಸಿ ಕರೆತಂದು ಇಲ್ಲಿನ ದೊಡ್ಡ ಕಂಪನಿಗಳಿಗೆ ಬಾಡಿಗೆಗೆ ಕೊಡುತ್ತಿದ್ದ. ಆ ಕಂಪನಿಗಳ ಬಾಯಲ್ಲಿ ಅವನು 'ವೆಂಡರ್'. ಪ್ಲೇನ್ಸ್‌ಬರೋದ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ನಾವು ಎಂಟು ಜನ ಇದ್ದೆವು. ಕೆಲಸ ಸಿಗದೆ ಕಾದು ಕೂತವರಿಗೆ ಈ ದಂಧೆಯಲ್ಲಿ 'ಬೆಂಚ್ ಮೇಲಿದ್ದಾರೆ' ಎನ್ನುತ್ತಾರೆ. ನಾವು ಏಳು ಜನ ಬೆಂಚ್ ಮೇಲಿದ್ದೆವು. ಮಂಜೇಶನೊಬ್ಬ ಹ್ಯಾರಿಗನ್ ಡೈರೆಕ್ಟರಾಗಿದ್ದ ಔಷಧ ಕಂಪನಿಗೆ ಹೋಗುತ್ತಿದ್ದ.

ನಮ್ಮನ್ನು ಬೇಸ್‌ಬಾಲಿಗೆ ತಂದು ಹಾಕಿದ್ದು ಈ ಬೆಂಚ್ ಎಂಬ ಮಾತೇ. ಎರಡು ಸಾವಿರದ ಇಸವಿಯ ಮೇ ತಿಂಗಳಲ್ಲಿ ಔಷಧ ಕಂಪನಿಯ ಪಿಕ್‌ನಿಕ್ ಆಯಿತು. ಆಳು ಒದಗಿಸುವವನಾಗಿ ರಾಜ್ ಬಂದಿದ್ದ, ಸಮೋಸದ ಟ್ರೇಗಳನ್ನು ಹೊರಲು ನಮ್ಮನ್ನೂ ಕರೆತಂದಿದ್ದ. ಕೊಳದ ಕಡೆಯಿಂದ ಬಂದ ಹೆಬ್ಬಾತೊಂದು ಹ್ಯಾರಿಗನ್‌ನ ತಟ್ಟೆಗೆ ಕೊಕ್ಕು ಹಾಕಿ, ಅವನು ಗದರಿದ್ದೇ ತಡ, ಅವನನ್ನೇ ಅಟ್ಟಿಸಿಕೊಂಡು ಓಡಿತು. ಮಂಜೇಶ ಕೈಗೆ ಸಿಕ್ಕ ಬೇಯಿಸಿದ ಜೋಳದ ತೆನೆ ಎತ್ತಿ ಬೀಸಿದ. ಅರವತ್ತು ಹೆಜ್ಜೆ ದೂರದಲ್ಲಿ, ಬಾತಿನ ಕೊಕ್ಕಿಗೆ ಒಂದು ಗೇಣು ಮುಂದೆ ಹುಲ್ಲು ಕಿತ್ತು ಹಾರಿತು. ಬಾತು ಕೊಳಕ್ಕೆ ವಾಪಸಾಯಿತು.

ಹ್ಯಾರಿಗನ್ ಬಾತನ್ನು ನೋಡಲಿಲ್ಲ. ಸಂತೆಯಲ್ಲಿ ಹೋರಿ ನೋಡುವವರ ಹಾಗೆ ಮಂಜೇಶನ ಭುಜ ನೋಡಿದ.

"ರಾಜ್, ಇಂಥವರು ನಿನ್ನ ಹತ್ತಿರ ಇನ್ನೂ ಇದ್ದಾರಾ?"

"ಬೆಂಚ್ ಮೇಲೆ ಏಳು ಜನ ಇದ್ದಾರೆ ಸರ್."

"ಯು ಹ್ಯಾವ್ ಎ ಬೆಂಚ್!" ಎಂದ ಹ್ಯಾರಿಗನ್. ಅವನ ಕಣ್ಣಲ್ಲಿ ನೀರೇ ಬಂತು. ಕಂಪನಿ ಕಂಪನಿಗಳ ನಡುವಿನ ಪಂದ್ಯಾವಳಿಯಲ್ಲಿ ಅವನ ತಂಡ ಏಳು ವರ್ಷದಿಂದ ಒಂದು ವಿಮಾ ಕಂಪನಿಯ ಎದುರು ಸೋಲುತ್ತ ಬಂದಿತ್ತಂತೆ. ಬೇಸ್‌ಬಾಲಿನವರ ಬಾಯಲ್ಲಿ ಬೆಂಚ್ ಎಂದರೆ ಸರದಿಗೆ ಕಾದು ಕೂತ ಬದಲಿ ಆಟಗಾರರು. ರಾಜ್‌ಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆದರೆ ಗಿರಾಕಿ ಕೇಳಿದ್ದಕ್ಕೆ ತಲೆಯಾಡಿಸುವುದೇ ಅವನ ಕಸುಬು.

ಮುಂದಿನ ಸೋಮವಾರ ನಮ್ಮೆಲ್ಲರ ರೆಸ್ಯುಮೆ ಬದಲಾಯಿತು. ಜಾವಾ ನಾಲ್ಕು ವರ್ಷ, ಒರಾಕಲ್ ಮೂರು ವರ್ಷ, ಪಿಚಿಂಗ್ ಏಳು ವರ್ಷ. ನನ್ನದರಲ್ಲಿ 'ಎಡಗೈ ಮತ್ತು ಬಲಗೈ' ಎಂದಿತ್ತು.

ಆಟವೇನೂ ಕಷ್ಟದ್ದಲ್ಲ. ಪಿಚ್ಚರ್ ಎನ್ನುವವನು ದಿಬ್ಬದ ಮೇಲೆ ನಿಂತು ಚೆಂಡು ಎಸೆಯಬೇಕು. ಎದುರಿನವನ ಮೊಣಕಾಲಿಗಿಂತ ಮೇಲೆ, ಎದೆಗಿಂತ ಕೆಳಗೆ ಚೆಂಡು ಹಾದುಹೋಗಬೇಕು. ನಾಲ್ಕು ಚೆಂಡು ದಾರಿ ತಪ್ಪಿದರೆ ಬ್ಯಾಟು ಹಿಡಿದವನು ಪುಕ್ಕಟೆ ಒಂದು ಮೂಲೆಗೆ ನಡೆದುಹೋಗುತ್ತಾನೆ. ನಾಲ್ಕು ಮೂಲೆ ಸುತ್ತಿ ಬಂದರೆ ಒಂದು ರನ್ನು.

ಕಷ್ಟವಿದ್ದದ್ದು ಯಾರನ್ನು ಎಷ್ಟು ಹೊತ್ತು ದಿಬ್ಬದ ಮೇಲೆ ನಿಲ್ಲಿಸುವುದು ಎಂಬುದರಲ್ಲಿ. ತಂಡದಲ್ಲಿ ಕೆವಿನ್ ಎಂಬ ಇನ್ನೊಬ್ಬ ಪಿಚ್ಚರ್ ಇದ್ದ. ಔಷಧ ಕಂಪನಿಯ ಕಾಯಂ ನೌಕರ, ಇಪ್ಪತ್ತಮೂರು ವರ್ಷ, ಒಳ್ಳೆಯ ಹುಡುಗ. ಅವನು ಎಸೆಯುವಾಗ ಎಚ್.ಆರ್.ನ ಹೆಂಗಸೊಬ್ಬಳು ಬೇಲಿಯ ಪಕ್ಕ ನಿಂತು, ಹೆಬ್ಬೆರಳಿನಲ್ಲಿ ಒತ್ತುವ ಪುಟ್ಟ ಯಂತ್ರದಿಂದ ಒಂದೊಂದು ಚೆಂಡನ್ನೂ ಎಣಿಸುತ್ತಿದ್ದಳು. ಅರವತ್ತಾದ ಕೂಡಲೇ ಕೈ ಎತ್ತುತ್ತಿದ್ದಳು. ಕೆವಿನ್‌ನನ್ನು ಕೆಳಗಿಳಿಸಿ, ತೋಳಿಗೆ ಐಸ್ ಚೀಲ ಕಟ್ಟಿ, ನೆರಳಲ್ಲಿ ಕೂರಿಸುತ್ತಿದ್ದರು. ಎಳೆಯ ತೋಳು, ಜೋಪಾನ ಎನ್ನುತ್ತಿದ್ದರು. ಆಮೇಲೆ ಮಂಜೇಶ ಹೋಗುತ್ತಿದ್ದ. ಅವಳು ಯಂತ್ರವನ್ನು ಬ್ಯಾಗಿಗೆ ಹಾಕಿಕೊಂಡು ಐಸ್‌ಕ್ರೀಮ್ ತಿನ್ನುತ್ತಿದ್ದಳು.

ಒಂದು ದಿನ ತಡೆಯಲಾರದೆ ಕೇಳಿದೆ. "ಇವನದನ್ನು ಯಾಕೆ ಎಣಿಸುವುದಿಲ್ಲ ಮೇಡಂ? ಇವನಿಗೂ ಇಪ್ಪತ್ತನಾಲ್ಕೇ ವರ್ಷ."

ಅವಳು ಬಹಳ ಮರ್ಯಾದೆಯಿಂದ ವಿವರಿಸಿದಳು. ಅರವತ್ತರ ಮಿತಿ ನೌಕರರ ಆರೋಗ್ಯ ನಿಯಮದಲ್ಲಿದೆ. ಮಂಜೇಶ ನೌಕರನಲ್ಲ. ಅವನ ತೋಳು ವೆಂಡರ್‌ಗೆ ಸೇರಿದ್ದು. ವೆಂಡರ್ ಬಯಸಿದರೆ ತಾನೇ ಒಂದು ಯಂತ್ರ ತಂದು ಎಣಿಸಿಕೊಳ್ಳಬಹುದು.

ತಂಡ ಗೆಲ್ಲುತ್ತ ಹೋಯಿತು. ಸೆಮಿಫೈನಲ್ ಹಿಂದಿನ ದಿನ ರಾಜ್ ಓಲ್ಡ್ ಬ್ರಿಡ್ಜ್‌ನ ತನ್ನ ಮನೆಯಲ್ಲಿ ಪೂಜೆ ಇಟ್ಟುಕೊಂಡ. ಬ್ಯಾಟು, ಚೆಂಡು, ಕೈಗವಸುಗಳನ್ನು ಮಣೆಯ ಮೇಲೆ ಜೋಡಿಸಿ ಪುರೋಹಿತರು ಹೂವು ಏರಿಸಿದರು. ಊರಿನಿಂದ ಬಂದಿದ್ದ ರಾಜ್‌ನ ತಾಯಿ ಕುಂಕುಮದ ತಟ್ಟೆ ಹಿಡಿದು ಬಂದರು.

"ಎಸೆಯೋ ಹುಡ್ಗ ನೀನೇನಪ್ಪ? ಯಾವೂರು? ಯಾರ ಪೈಕಿ?"

ಮಂಜೇಶ ಊರು ಹೇಳಿದ. ಅಪ್ಪನ ಹೆಸರು ಹೇಳಿದ.

"ಕೆಳಗಲಕೇರಿ ಬೋರನ ಮಗನಾ? ನಮ್ ಗದ್ದೇಲಿ ಗೇಯ್ತಿದ್ನಲ್ಲ, ಆ ಬೋರ?" ತಟ್ಟೆ ಹಿಡಿದ ಕೈ ಹಿಂದಕ್ಕೆ ಸರಿಯಿತು. ಅವರು ಮಗನನ್ನು ಅಡುಗೆಮನೆಗೆ ಕರೆದರು. ಒಳಗಿನಿಂದ ಪಿಸುಮಾತು ಕೇಳಿಸಿತು.

ರಾಜ್ ಹೊರಬಂದು ಮಂಜೇಶನ ಹೆಗಲ ಮೇಲೆ ಕೈಹಾಕಿ ಹಿಂದಿನ ಅಂಗಳದ ಕಡೆ ನಡೆಸಿದ. "ಅಮ್ಮ ಹಳೇಕಾಲದೋರು ಕಣೋ, ತಪ್ಪು ತಿಳ್ಕೋಬೇಡ. ಆದ್ರೆ ಸಾಹೇಬ್ರಿಗೆ ಮಾತು ಕೊಟ್ಟಿದ್ದೀನಿ, ಪೂಜೆ ಆಗ್ಲೇಬೇಕು. ನೀನು ಹೊರಗಡೆ ಡೆಕ್ ಮೇಲೆ ನಿಂತ್ಕೋ. ಕೈ ಮಾತ್ರ ಒಳಗೆ ಬಿಡು."

ಹಾಗೇ ಆಯಿತು. ಗಾಜಿನ ಜಾರುಬಾಗಿಲನ್ನು ಒಂದು ಗೇಣು ತೆರೆದರು. ಮಂಜೇಶ ಹೊರಗಿನ ಮರದ ಜಗಲಿಯ ಮೇಲೆ ನಿಂತು ಭುಜದವರೆಗೆ ಬಲತೋಳನ್ನು ಒಳಗೆ ಚಾಚಿದ. ಪುರೋಹಿತರು ಮೂರಡಿ ದೂರದಿಂದ ಅಕ್ಷತೆ ಎರಚಿದರು. ಮಂತ್ರ ಹೇಳಿದರು. ಊದುಬತ್ತಿಯ ಕಡ್ಡಿಯನ್ನು ಕುಂಕುಮದಲ್ಲಿ ಅದ್ದಿ ಅಂಗೈಗೆ ಮುಟ್ಟಿಸಿದರು. ಆರತಿ ಆಯಿತು. ನಾವೆಲ್ಲ ಒಳಗೆ ನಿಂತು ಒಂದು ತೋಳಿಗೆ ಕೈಮುಗಿದೆವು. ಗಾಜಿನಾಚೆ ಅವನ ಮುಖ ನಮ್ಮನ್ನೇ ನೋಡುತ್ತಿತ್ತು. ಏಸಿ ಹಾಕಿದೆ, ಸೆಕೆ ಒಳಗೆ ಬರುತ್ತಿದೆ ಎಂದು ಯಾರೋ ಗೊಣಗಿದರು.

ಸೆಮಿಫೈನಲ್‌ನಲ್ಲೇ ನಾನು ನೂರ ಮೂವತ್ತು ಎಣಿಸಿದ್ದು. ತಂಡ ಗೆದ್ದಿತು. ಸೋಮವಾರ ಮಂಜೇಶ ಎಡಗೈಯಲ್ಲಿ ಹಲ್ಲುಜ್ಜುತ್ತಿದ್ದ. ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ನನ್ನ ಮುಂದೆ ಬಂದು ನಿಂತ. ಮೊಣಕೈ ಹಲಸಿನ ತೊಳೆಯ ಹಾಗೆ ಊದಿತ್ತು.

ನಮಗೆ ಅಡುಗೆ ಮಾಡುತ್ತಿದ್ದವಳು ಜವರಮ್ಮ. ರಾಜ್‌ನ ಹೆಂಡತಿಯ ಬಾಣಂತನಕ್ಕೆಂದು ಕರೆತಂದಿದ್ದರು. ಕೂಸು ಶಾಲೆಗೆ ಹೋಗುವಂತಾದರೂ ಅವಳನ್ನು ವಾಪಸು ಕಳಿಸಲಿಲ್ಲ. ಅವಳ ಪಾಸ್‌ಪೋರ್ಟು 'ಭದ್ರವಾಗಿರಲಿ' ಎಂದು ರಾಜ್‌ನ ಬೀರುವಿನಲ್ಲಿತ್ತು. ಅವಳು ಹರಳುಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತ ಕೂತಳು.

"ಅಯ್ಯೋ ಸಿವನೆ, ಎಂಗ್ ಊದ್ಕಂಡದೆ ನೋಡ್ಲಾ ಮೊಗ! ಅವ್ನ್ ಬಾಯ್ಗ್ ನನ್ ಎಕ್ಕಡ ಹಾಕ! ಎತ್ತಿಗಾದ್ರೂ ವತ್ತು ಮುಳುಗುದ್ ಮ್ಯಾಲೆ ನೊಗ ಇಳುಸ್ತರೆ. ಯಾನ್ ಸಿಕ್ತದಂತೆ ಆ ಚಂಡ್ ಎಸುದ್ರೆ?"

"ಏನೂ ಇಲ್ಲ ಜವರಮ್ಮ. ಎಸೀದಿದ್ರೆ ವೀಸಾ ಹೋಯ್ತದೆ," ಎಂದ ಮಂಜೇಶ.

"ಅದ್ ಯಾವ್ ಲೌಡಿ ಮಗ ಮಾಡುದ್ ಕಾನೂನ್ಲಾ?"

ಮಂಜೇಶ ರಾಜ್‌ಗೆ ಫೋನ್ ಮಾಡಿ ಡಾಕ್ಟರ ಹತ್ತಿರ ಹೋಗಬೇಕೆಂದ. ಸ್ಪೀಕರ್‌ನಲ್ಲಿ ನಮಗೆಲ್ಲ ಕೇಳಿಸಿತು.

"ಡಾಕ್ಟ್ರು ಗೀಕ್ಟ್ರು ಏನೂ ಬೇಡ. ಕಂಪ್ಯೂಟರ್ ಕೆಲಸಕ್ಕೆ ಬಂದೋನು ಬಾಲ್ ಯಾಕಪ್ಪ ಎಸೆದೆ ಅಂತ ಇನ್ಶೂರೆನ್ಸ್‌ನೋರು ಕೇಳಿದ್ರೆ ಏನ್ ಹೇಳ್ತೀಯ? ಶನಿವಾರ ಫೈನಲ್. ತೀರಾ ನೋವಾದ್ರೆ ಎಡಗೈಲಿ ಎಸಿ."

ಅದೇ ಸಂಜೆ ರಾಜ್ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಅಪಾರ್ಟ್‌ಮೆಂಟನ್ನು ಎರಡು ಸುತ್ತು ಹಾಕಿದ. "ನೋಡು ಜಯರಾಮು, ಅವನ ಕೈ ಮುಗೀತು. ಫೈನಲ್‌ನಲ್ಲಿ ಅವನು ಬಿದ್ರೆ ನೀನು ಹೋಗ್ಬೇಕು. ಅವನ ಪ್ರಾಜೆಕ್ಟೂ ನಿಂಗೆ. ನಿನ್ನ ವೀಸಾ ಎಕ್ಸ್‌ಟೆನ್ಷನ್ ಪೇಪರ್ ಬರೋ ಸೋಮವಾರನೇ ಫೈಲ್ ಮಾಡ್ತೀನಿ. ರೇಣು ಕೂಡ ಬರ್ಬೇಕಲ್ವಾ?"

ರೇಣು ನನ್ನ ಹೆಂಡತಿ. ಮದುವೆಯಾದ ಹನ್ನೆರಡನೇ ದಿನ ಬಿಟ್ಟು ಬಂದಿದ್ದೆ. ನಾನು 'ಆಗಲಿ ಸರ್' ಎಂದೆ. ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಾಗೇ ಅಂದೆ.

ಮರುದಿನದಿಂದ ಪಾರ್ಕಿಂಗ್ ಲಾಟ್‌ನ ಕಸದ ಡಬ್ಬದ ಕಡೆಗೆ ಚೆಂಡು ಎಸೆಯಲು ಕಲಿಯತೊಡಗಿದೆ. ಮೂರನೇ ದಿನ ಹಿಂದೆ ಹೆಜ್ಜೆ ಸಪ್ಪಳವಾಯಿತು. ತೋಳನ್ನು ಜವರಮ್ಮನ ಹಳೇ ಸೀರೆಯ ಚೂರಿನಲ್ಲಿ ಕುತ್ತಿಗೆಗೆ ಕಟ್ಟಿಕೊಂಡು ಮಂಜೇಶ ನಿಂತಿದ್ದ. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅವನು ಹತ್ತಿರ ಬಂದು, ಎಡಗೈಯಿಂದ ನನ್ನ ಬೆರಳುಗಳನ್ನು ಚೆಂಡಿನ ಹೊಲಿಗೆಯ ಮೇಲೆ ಸರಿಯಾಗಿ ಕೂರಿಸಿದ.

"ಮೊಣಕೈ ಹಿಂಗ್ ತಿರುಗುಸ್ಬೇಡ ಕಣಣ್ಣ," ಎಂದ. "ನಂಗಾದಂಗೆ ಆಯ್ತದೆ."

ಶನಿವಾರ ಬಂತು. ಹ್ಯಾರಿಗನ್ ಟೈ ಕಟ್ಟಿಕೊಂಡು ಬಂದಿದ್ದ. ಸಮೋಸದ ಪಾತ್ರೆ ಹಿಡಿದು, ಸೀರೆಯ ಮೇಲೆ ಸ್ವೆಟರು, ಕಾಲಿಗೆ ಯಾರದೋ ಬೂಟು ತೊಟ್ಟು ಜವರಮ್ಮನೂ ಬಂದಿದ್ದಳು. ಕೆವಿನ್ ಚೆನ್ನಾಗಿ ಎಸೆದ. ಅರವತ್ತಾಯಿತು, ಯಂತ್ರ ಟಿಕ್ ಎಂದಿತು, ಐಸ್ ಬಂತು. ಮಂಜೇಶನನ್ನು ಕರೆದರು. ಅವನು ಸೀರೆಚೂರು ಬಿಚ್ಚಿ ಮಡಚಿ ನನ್ನ ಕೈಗೆ ಕೊಟ್ಟು ಹೋದ.

ಹನ್ನೊಂದು ಚೆಂಡು ಎಸೆದ. ಹನ್ನೊಂದನೆಯದು ಕೈಬಿಟ್ಟಾಗ ಅವನ ಮೊಣಕೈಯಿಂದ ಹಸಿಕಡ್ಡಿ ಮುರಿದ ಸದ್ದು ಬಂತು. ಬೆಂಚಿನವರೆಗೂ ಕೇಳಿಸಿತು. ಅವನು ತೋಳು ಹಿಡಿದು ಬಾಗಿದ. ಪಿಚ್ಚರ್ ಬದಲಿಸಿ ಎಂದು ಬೇಲಿಯ ಕಡೆ ನೋಡಿದ.

"ನಾಟಕ ಆಡ್ಬೇಡ! ಎಸೆಯೋ ಬೇವರ್ಸಿ! ನಿಮ್ಮಪ್ಪನಂಗೇ ಮೈಗಳ್ಳ ನೀನೂ! ಇನ್ನು ಹತ್ತು ಎಸಿ, ಆಮೇಲೆ ಸಾಯಿ!"

ಮಂಜೇಶ ರಾಜ್‌ನನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಚೆಂಡನ್ನು ತೊಡೆಯ ಪಕ್ಕ ಇಟ್ಟು, ಕೆಮ್ಮಣ್ಣಿನ ದಿಬ್ಬದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

ಅಂಪೈರು ಬಂದ. ನಿವೃತ್ತ ಪೋಸ್ಟ್‌ಮ್ಯಾನ್ ಅಂತೆ, ಬಿಳಿ ಮೀಸೆ. ಜೇಬಿನಿಂದ ನಿಯಮದ ಪುಸ್ತಕ ತೆಗೆದು, ಕನ್ನಡಕ ಬದಲಿಸಿ ಹುಡುಕಿದ. ಪಿಚ್ಚರ್ ಕೂರಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಆದರೆ ಇಪ್ಪತ್ತು ಸೆಕೆಂಡಿನೊಳಗೆ ಎಸೆಯದಿದ್ದರೆ ದಾರಿ ತಪ್ಪಿದ ಚೆಂಡೆಂದೇ ಲೆಕ್ಕ ಎಂದಿತ್ತು. ಅವನು ವಾಪಸು ಹೋಗಿ ನಿಂತು, ಗಡಿಯಾರ ನೋಡಿ, "ಬಾಲ್!" ಎಂದ. ಇಪ್ಪತ್ತು ಸೆಕೆಂಡು ಬಿಟ್ಟು ಮತ್ತೆ "ಬಾಲ್!" ಎಂದ. ನಾಲ್ಕಾದ ಮೇಲೆ ವಿಮಾ ಕಂಪನಿಯವನು ಬ್ಯಾಟು ಕೆಳಗಿಟ್ಟು, ಸಾವಿನ ಮನೆಯಲ್ಲಿ ನಡೆಯುವವನಂತೆ ಮೊದಲ ಮೂಲೆಗೆ ನಡೆದ. ಇನ್ನೊಬ್ಬ ಬಂದ. ಅವನೂ ನಡೆದ. ಮೂರನೆಯವನು ನಡೆದ. ನಾಲ್ಕನೆಯವನು ನಡೆದಾಗ, ಒಂದೊಂದೇ ಮೂಲೆ ಮುಂದೆ ಸರಿಯುತ್ತ ಬಂದ ಮೊದಲಿನವನು ಸುತ್ತು ಮುಗಿಸಿ, ಒಂದು ರನ್ನು ಬಂತು.

"ವಾಟ್ ಈಸ್ ಹಿ ಡೂಯಿಂಗ್?" ಹ್ಯಾರಿಗನ್ ಅರಚಿದ.

"ಮೆಡಿಟೇಷನ್ ಸರ್," ಎಂದ ರಾಜ್. ಬೆವರು ಅವನ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. "ಇಂಡಿಯನ್ ಟೆಕ್ನಿಕ್."

ಎರಡನೇ ರನ್ನು ಬಂತು. ರಾಜ್ ನನ್ನ ಕತ್ತಿನಪಟ್ಟಿ ಹಿಡಿದು ಎಬ್ಬಿಸಿದ. "ಹೋಗು. ಆ ನಾಯಿನ ಎಳೆದು ಹಾಕಿ ನೀನು ಎಸಿ. ಸೋಮವಾರದ ಮಾತು ನೆನಪಿರ್ಲಿ."

ನಾನು ನಡೆದೆ. ಬೇಲಿಯಿಂದ ದಿಬ್ಬಕ್ಕೆ ನಲವತ್ತು ಹೆಜ್ಜೆ ಇರಬಹುದು. ವಿಮಾನ ನಿಲ್ದಾಣದಲ್ಲಿ ಇಳಿಯುವ ರೇಣುವನ್ನು ನಾನು ಒಂದೊಂದು ಹೆಜ್ಜೆಗೂ ಕಂಡೆ, ಅವಳ ಕೈಯ ಬ್ಯಾಗಿನ ಬಣ್ಣ ಸಮೇತ. ದಿಬ್ಬದ ಹತ್ತಿರ ಹೋದಾಗ ಮಂಜೇಶ ತಲೆ ಎತ್ತಿದ. ಕಣ್ಣಲ್ಲಿ ನೀರು ತುಂಬಿತ್ತು. ಚೆಂಡನ್ನು ಎತ್ತಿ ನನಗೆ ಕೊಟ್ಟ.

"ಹಿಡ್ಕೊಳಣ್ಣ. ಹೊಲಿಗೆ ಮ್ಯಾಲೆ ಎರಡ್ ಬೆರಳು."

ಹಿಡಿದೆ. ಬ್ಯಾಟಿನವನು ಸಜ್ಜಾದ. ರಾಜ್ ಚಪ್ಪಾಳೆ ಹೊಡೆದ. ಚೆಂಡು ಹಿಡಿದೇ ಮಂಜೇಶನ ಪಕ್ಕ ಕೂತೆ. ಧೈರ್ಯ ಎಂದು ನಾನು ಹೇಳಲಾರೆ. ನಿಂತಿರಲಾಗಲಿಲ್ಲ, ಅಷ್ಟೇ.

"ಬಾಲ್!" ಎಂದ ಅಂಪೈರು.

ಆಗ ಜವರಮ್ಮ ಸಮೋಸದ ಪಾತ್ರೆಯನ್ನು ಹ್ಯಾರಿಗನ್‌ನ ತೊಡೆಯ ಮೇಲೆ ಇಟ್ಟು ಬೇಲಿಯ ಬಾಗಿಲು ನೂಕಿಕೊಂಡು ಬಂದಳು. "ಎಯ್ ಮುದ್ಕಿ, ಎಲ್ಲಿಗ್ ಹೋಗ್ತೀಯ?" ಎಂದು ರಾಜ್ ಅಡ್ಡ ಬಂದ.

"ಥೂ, ಆಚ್ಗೋಗ್ಲಾ! ನಿನ್ ಹೆಡ್ತಿ ಬಾಣಂತನ ಮಾಡುದ್ ಕೈ ಇದು. ಮುಟ್ಟುದ್ರೆ ಕಪಾಳುಕ್ ಮಡುಗ್ತೀನಿ."

ಬೂಟುಗಾಲಲ್ಲಿ ದಿಬ್ಬ ಹತ್ತಿ, ಕಾಲು ಚಾಚಿ ಕೂತು, ಮಂಜೇಶನ ತೋಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಅಳ್ಬೇಡ ಕನ ಮೊಗ. ಅವ್ರೇನ್ ನೋಡದು ನೋಡ್ಕಳ್ಲಿ."

ವಿಮಾ ಕಂಪನಿಯವರು ಒಬ್ಬರ ಹಿಂದೊಬ್ಬರು ನಡೆಯುತ್ತಲೇ ಇದ್ದರು. ಹನ್ನೆರಡು ರನ್ನಾದ ಮೇಲೆ ಅವರಲ್ಲೊಬ್ಬ ಟೋಪಿ ತೆಗೆದು ಎದೆಗಿಟ್ಟುಕೊಂಡು ನಡೆದ. ಹ್ಯಾರಿಗನ್ ಕುರ್ಚಿ ಒದ್ದು ಎದ್ದ. "ರಾಜ್! ಬೆಂಚ್ ಮೇಲೆ ಇನ್ನೆಷ್ಟು ಜನ ಇದ್ದಾರೆ?"

"ಆರು ಜನ ಸರ್! ಎಲ್ಲರಿಗೂ ಏಳು ವರ್ಷ ಎಕ್ಸ್‌ಪೀರಿಯೆನ್ಸ್!"

ಬೆಂಚಿನ ಮೇಲಿದ್ದ ನಮ್ಮ ಆರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಒಬ್ಬ ಎದ್ದ. ಆಮೇಲೆ ಇನ್ನೊಬ್ಬ. ಆರೂ ಜನ ಸಾಲಾಗಿ ಹುಲ್ಲಿನ ಮೇಲೆ ನಮ್ಮ ಕಡೆ ನಡೆದು ಬರತೊಡಗಿದರು. ಅವರು ಎಸೆಯಲು ಬರುತ್ತಿದ್ದಾರೆಂದು ತಿಳಿದು ರಾಜ್ ಬೇಲಿಯ ಹಿಂದೆ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ.

ದಿಬ್ಬ ಚಿಕ್ಕದು. ನಾವು ಮೂವರೂ ಸರಿದು ಜಾಗ ಮಾಡಿದೆವು.